ವಾಪಸ್

ಹಲಗೆಯ ಮೇಲೆ ಗಿಡದ ಕಾಂಡವನ್ನು ಸೀಳಿದ ಹಾಗೆ ಬರೆದು, ಬೇರಿನಿಂದ ಎಲೆಯವರೆಗೆ ನೀರು ಏರುವ ದಾರಿಗೆ ಬಾಣದ ಗುರುತು ಹಾಕಿ, ಆ ದಾರಿಯ ಹೆಸರು ಬರೆಯಬೇಕಾದಲ್ಲಿ ಆಮ್ರಪಾಲಿ ‘ಸುರಂಗ’ ಎಂದು ಬರೆದಳು. ಬರೆದದ್ದು ಅವಳ ಗಮನಕ್ಕೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ನಗು ಮುಂದಿನ ಬೆಂಚುಗಳಿಗೆ ಹರಿಯಿತು, ಕೊನೆಗೆ ಕಿಟಕಿಯ ಪಕ್ಕದ ಹುಡುಗಿ ಎದ್ದು, “ಮ್ಯಾಡಮ್, ಪುಸ್ತಕದಾಗ ಬ್ಯಾರೆ ಹೆಸರದರಿ” ಎಂದಳು. ಆಮ್ರಪಾಲಿ ಹೊರಳಿ ನೋಡಿದಳು. ತನ್ನದೇ ಅಕ್ಷರ, ಕೊಂಬು ಸೊನ್ನೆ ಎಲ್ಲ ದುಂಡಗೆ, ಪ್ರೀತಿಯಿಂದ ಬರೆದ ಹಾಗಿತ್ತು. ಡಸ್ಟರ್ ಕೈಗೆ ಸಿಗದೆ ಅಂಗೈಯಿಂದಲೇ ಒರೆಸಿ, ಆ ಕೈಯನ್ನು ಸೀರೆಗೆ ಒರೆಸಿಕೊಂಡು, ಸರಿಯಾದ ಹೆಸರು ಬರೆದಳು. ಭಾಲ್ಕಿಯ ಈ ಕಾಲೇಜಿನಲ್ಲಿ ಇಷ್ಟು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವಳು. ಮಕ್ಕಳು ನಕ್ಕರೆ ಮೊದಲೆಲ್ಲ ತಾನೂ ನಕ್ಕುಬಿಡುತ್ತಿದ್ದಳು. ಇವತ್ತು ಆಗಲಿಲ್ಲ. ತನ್ನ ಬ್ಲೌಜಿನ ಗುಂಡಿ ಬಿಚ್ಚಿಕೊಂಡಿದ್ದನ್ನು ಯಾರೋ ಕಂಡುಬಿಟ್ಟರೇನೋ ಎಂಬಂತೆ ಕಿವಿ ಬಿಸಿಯಾಗಿ, ಗಂಟೆ ಹೊಡೆಯುವವರೆಗೆ ಹಲಗೆಯ ಕಡೆಗೇ ಮುಖ ಮಾಡಿ ನಿಂತಳು.

ಸುರಂಗ ಒಂದು ರಾಕ್ ತಂಡದ ಹೆಸರು. ಅವಳು ಕಾಲೇಜು ಓದುತ್ತಿದ್ದಾಗ ನಾಲ್ವರು ಹುಡುಗರು ಹೈದರಾಬಾದಿನಲ್ಲಿ ಕೂಡಿ ಕಟ್ಟಿದ್ದು. ಅವರಲ್ಲಿ ಹಾಡುವವನು ಬೀದರಿನ ನೌಬಾದದವನು. ಅಲ್ಲಿ ನೆಲದಡಿ ಹರಿಯುವ ಹಳೆಯ ಕಾಲದ ನೀರಿನ ದಾರಿಯಿಂದ ತಂಡಕ್ಕೆ ಆ ಹೆಸರು. ಅಭಿಮಾನಿಗಳಿಗೆ ಅವನು ದಾದಾ. ಅರ್ಧ ದಖನಿ ಉರ್ದು, ಅರ್ಧ ಈ ಕಡೆಯ ಕನ್ನಡದಲ್ಲಿ ಹಾಡುತ್ತಿದ್ದ. ಎರಡು ಕ್ಯಾಸೆಟ್ಟು ಬಂದವು, ಆಮೇಲೆ ಗಿಟಾರಿನವನು ಜಗಳಾಡಿ ಹೋದ, ಡ್ರಮ್ಮಿನವನು ತೀರಿಕೊಂಡ, ತಂಡ ಇದೆಯೋ ಇಲ್ಲವೋ ಎಂದು ಕೇಳುವವರೂ ಕಡಿಮೆಯಾದರು. ಈಗ ದಾದಾ ಅರವತ್ತು ದಾಟಿದ ಮೇಲೆ ಹೊಸ ಆಲ್ಬಂ ಬಂದಿತ್ತು. ಅದರ ಹೆಸರು ‘ವಾಪಸ್’. ನಿನ್ನೆ ರಾತ್ರಿಯಿಂದ ಅದು ಅವಳ ಮೊಬೈಲಿನಲ್ಲೇ ಇತ್ತು. ಬೆರಳು ಮುಟ್ಟಿಸಿದರೆ ಹಾಡುತ್ತಿತ್ತು. ಮುಟ್ಟಿಸಿರಲಿಲ್ಲ. ‘ಸುರಂಗದ ಮಂದಿ’ ಎಂಬ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಮಾತು ಕೊಟ್ಟಿದ್ದರು: ಸಂಜೆ ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ, ಫೈಜಲನ ಅಣ್ಣನ ಅಡತಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂಡಿ ಕೇಳುವುದು, ಅಲ್ಲಿಯವರೆಗೆ ಯಾರೂ ಕೇಳಬಾರದು.

ಮದುವೆ ಉರುಸುಗಳಿಗೆ ಸ್ಪೀಕರ್ ಬಾಡಿಗೆ ಕೊಡುವ ಫೈಜಲನೇ ಗುಂಪಿನ ಯಜಮಾನ. ವಾರದಿಂದ ಅವನಿಗೆ ನಿದ್ದೆ ಇಲ್ಲ. “ದಾದಾ ನಮ್ಮನ್ನ ಮರ್ತಿಲ್ಲ, ನೋಡ್ರಿ ಬೇಕಾರ” ಎಂದು ಬರೆದಿದ್ದ. ನಿತಿನ ಎಂಬವನು, ಬೀದರಿನಲ್ಲಿ ವಕೀಲ, ಮಾತು ಮುರಿದು ಬೆಳಿಗ್ಗೆಯೇ ಕೇಳಿಬಿಟ್ಟಿದ್ದ: “ಹೇಳಂಗಿಲ್ಲ. ಆದರ ಯಾರೂ ಭಾಳ ಆಸೆ ಇಟ್ಕೊಂಡು ಬರಬ್ಯಾಡ್ರಿ. ಹಳೇದು ಛಲೋ ಇತ್ತು, ಹಂಗ ಬಿಡಬೇಕಿತ್ತು.” ಡ್ರಮ್ಮಿನವನಿಲ್ಲದ ಸುರಂಗ ಉಪ್ಪಿಲ್ಲದ ಬಿರಿಯಾನಿ ಎಂದು ಸಲಾವೋದ್ದೀನ ಬರೆದ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಮಹಾಮಾಯಾ, “ಹಳೇವೆಲ್ಲಾ ನಿಮ್ಮವ್ರಿ. ನಾ ಹುಟ್ಟಿರಲಿಲ್ಲ. ಇದೊಂದು ನಂದು” ಎಂದು ಬರೆದದ್ದನ್ನು ಓದಿ ಆಮ್ರಪಾಲಿಗೆ ಸಣ್ಣ ಹೊಟ್ಟೆಕಿಚ್ಚಾಯಿತು. ತನಗೇನು ಬೇಕಿತ್ತು? ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುರಿಯುತ್ತ ಅದನ್ನೇ ಯೋಚಿಸಿದಳು. ಹಾಡುಗಳು ಚೆನ್ನಾಗಿದ್ದರೆ? ಹಾಗಿದ್ದರೆ ಮತ್ತೆ ಎದೆ ಹೊಡೆದುಕೊಳ್ಳಬೇಕು, ಮತ್ತೆ ಯಾರಿಗಾದರೂ ಹೇಳಬೇಕೆನಿಸುತ್ತದೆ, ಹೇಳಲಿಕ್ಕೆ ಪಕ್ಕದಲ್ಲಿ ಆ ಒಬ್ಬಳು ಇರುವುದಿಲ್ಲ. ಕೆಟ್ಟದಾಗಿದ್ದರೆ, ಹಿಂದಿನದ್ದೂ ಬರೀ ವಯಸ್ಸಿನ ಹುಚ್ಚೇ ಇರಬೇಕು ಎಂದು ಒಪ್ಪಬೇಕಾಗುತ್ತದೆ. ಕೆಟ್ಟದಾಗಿಯೇ ಇರಲಿ ಎಂದು ಒಳಗೆಲ್ಲೋ ಹರಕೆ ಹೊತ್ತವಳಂತೆ ಕಾಯುತ್ತಿರುವ ತನ್ನನ್ನು ಕಂಡು, ಫೈಜಲನ ಮುಖ ನೆನಪಾಗಿ, ನಾಚಿಕೆಯಾಯಿತು.

ಆ ಒಬ್ಬಳು ಎಂದರೆ ಸಾನಿಕಾ. ಬೀದರಿನ ಹಾಸ್ಟೆಲಿನ ಮಾಳಿಗೆ, ನೀರಿನ ಟಾಕಿಯ ನೆರಳು, ಒಂದು ವಾಕ್‌ಮನ್, ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ. ಬಲದ್ದು ಸಾನಿಕಾಳಿಗೆ, ಎಡದ್ದು ಇವಳಿಗೆ. ವಾಕ್‌ಮನ್ ಸಾನಿಕಾಳದು, ಕ್ಯಾಸೆಟ್ಟು ಸಾನಿಕಾಳದು, ಆದರೆ ಹಾಡು ಹಿಂದಕ್ಕೆ ಓಡಿಸುವ ಗುಂಡಿ ಮಾತ್ರ ಆಮ್ರಪಾಲಿಯ ಬೆರಳ ಕೆಳಗೆ. ‘ನೀರು ಕೆಳಗ ನಡೀತದ, ನಾವು ಮ್ಯಾಲ ನಡೀತೇವಿ’ ಎಂಬ ಸಾಲು ಬಂದಾಗ ಸಾನಿಕಾ ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದ ಕಣ್ಣಿನ ರೆಪ್ಪೆ ನಡುಗುವುದನ್ನು ಇವಳು ಅಷ್ಟು ಹತ್ತಿರದಿಂದ ನೋಡುತ್ತಿದ್ದಳು. ದಾರ ಗಿಡ್ಡದ್ದು, ದೂರ ಸರಿದರೆ ಕಿವಿಯಿಂದ ಜಾರುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಗಂಡ ಅನೀಲಕುಮಾರ ಹೊಸ ಕಾರಿನಲ್ಲಿ ಅದೇ ಹಾಡು ಹಾಕಿದಾಗ ಅವಳು ಎಂದೂ ಕೇಳಿರದ ಇನ್ನೊಂದು ಗಿಟಾರು ಬಲಗಡೆಯಿಂದ ನುಡಿಯಿತು. “ಇದೇನಿದು, ಇದು ಇರಲಿಲ್ಲ” ಎಂದಳು. ಅವನು ನಕ್ಕ. ಇರಲಿಲ್ಲವೆ? ಇತ್ತು. ಎಲ್ಲ ಸಂಜೆಗಳಲ್ಲೂ ಇತ್ತು, ಸಾನಿಕಾ ಒಬ್ಬಳೇ ಕೇಳಿದ್ದಳು, ಹೇಳಿರಲಿಲ್ಲ. ಇವಳ ಕಿವಿಗೆ ಅದು ಬರುತ್ತಿಲ್ಲವೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಭಾಲ್ಕಿ ದಾಟಿ ಕಪ್ಪು ಹೊಲಗಳು, ತೊಗರಿಯ ಹಳದಿ ಹೂ, ನಡುನಡುವೆ ಕಬ್ಬು. ಅನೀಲಕುಮಾರನ ಫೋನ್ ಬಂತು. “ಇವತ್ತ ನಿಮ್ಮ ಮುದುಕರ ಹಾಡಿಂದು ಅಲ್ಲ? ನಾ ಅನ್ನಕ್ಕ ಇಡ್ತೇನಿ, ನೀ ನಿವಾಂತ ಬಾ” ಎಂದ. ಒಳ್ಳೆಯವನು. ಅವನಿಗೆ ಹೇಳಲಾಗದ್ದು ಏನೂ ಇಲ್ಲ, ಇದೊಂದು ಬಿಟ್ಟು. ಹೋದ ವಾರ ಗುಂಪಿನಲ್ಲಿ ಸಾನಿಕಾ, ಈಗ ಉದಗೀರದ ಬ್ಯಾಂಕಿನಲ್ಲಿ ಮ್ಯಾನೇಜರ್, “ಆಯಿಯ ಕಣ್ಣು ತೋರಸಲಿಕ್ಕ ಬೀದರಿಗೆ ಬರೋದದ, ಆಗೋದಾದ್ರ ಬರ್ತೇನಿ” ಎಂದು ಬರೆದಿದ್ದಳು. ಅವಳು ಗುಂಪಿಗೆ ಬಂದು ಎರಡು ವರ್ಷವಾಗಿತ್ತು. ಇಬ್ಬರೂ ಬೇರೆ ಬೇರೆಯವರಿಗೆ ಉತ್ತರ ಬರೆಯುತ್ತ, ಒಬ್ಬರಿಗೊಬ್ಬರು ಬರೆಯದೆ, ಒಂದೇ ಮನೆಯ ಎರಡು ಬಾಗಿಲಿನಿಂದ ಓಡಾಡಿದ ಹಾಗೆ ಇದ್ದರು. ಆಮ್ರಪಾಲಿ ಅಂದು ಏನೇನೋ ಬರೆದು ಅಳಿಸಿದಳು. ‘ಬಾ’ ಎಂದು ಬರೆದಳು, ಒಂದಕ್ಷರ ಬಹಳ ಬೆತ್ತಲೆ ಎನಿಸಿತು. ‘ಬರ್ರಿ’ ಎಂದು ತಿದ್ದಿದಳು, ಅದು ಸುಳ್ಳೆನಿಸಿತು. ಕಡೆಗೆ ಎಲ್ಲರಂತೆ ಒಂದು ಹೆಬ್ಬೆಟ್ಟಿನ ಗುರುತು ಒತ್ತಿ, ಇಡೀ ಸಂಜೆ ಆ ಹೆಬ್ಬೆಟ್ಟಿಗೆ ಹೇಸಿಕೊಂಡಳು.

ರಜೆಯಲ್ಲಿ ಸಾನಿಕಾ ಆ ಕ್ಯಾಸೆಟ್ಟನ್ನು ಅವಳಿಗೆ ಕೊಟ್ಟು, “ಸಾಲಿ ಸುರು ಆಗೋದ್ರಾಗ ವಾಪಸ್ ಕೊಡಬೇಕು ಮತ್ತ, ಜೀವ ಅದ ಅದರಾಗ” ಎಂದಿದ್ದಳು. ಪದವಿಯ ಕಾಲೇಜಿಗೂ ಅವರು ಸಾಲಿ ಎಂದೇ ಅನ್ನುತ್ತಿದ್ದರು. ತನ್ನೂರು ಮೆಹಕರದಲ್ಲಿ ಪಕ್ಕದ ಮನೆಯ ಟೇಪಿನಲ್ಲಿ ಅದನ್ನು ಹಾಕಿಕೊಂಡು ಕೂತರೆ ಅಪ್ಪ ಏಕನಾಥ ಬಂದು ನಿಂತು, “ಇಂವ ಯಾಕ ಹಿಂಗ ಒದರ್ತಾನ, ಯಾರರ ಹೊಡದಾರೇನು?” ಎಂದು ಕೇಳುತ್ತಿದ್ದ. ರಜೆ ಮುಗಿಯುವ ಮೊದಲೇ ಎರಡು ಬಸ್ಸು ಬದಲಿಸಿ ಸಾನಿಕಾಳ ಊರು ಔರಾದಿಗೆ ಹೋದಳು. ಅಂಚೆಯಲ್ಲಿ ಕಳಿಸಬಹುದಿತ್ತು, ಹಾಸ್ಟೆಲಿನಲ್ಲಿ ಕೊಡಬಹುದಿತ್ತು. ಸಾನಿಕಾಳನ್ನು ನೋಡಬೇಕಿತ್ತು, ಅಷ್ಟೆ. ಬಾಗಿಲಲ್ಲಿ ಸಾನಿಕಾಳ ತಾಯಿ ಅನಸೂಯಾಬಾಯಿ ನಿಂತಿದ್ದರು. ಮೊದಲೊಮ್ಮೆ ಬಂದಾಗ ಊರು ಕೇಳಿ, ಅಪ್ಪನ ಹೆಸರು ಕೇಳಿ, ಆಮೇಲೆ ಅಡ್ಡಹೆಸರು ಕೇಳಿ ಸುಮ್ಮನಾದವರು. ಈಗ ನಗುನಗುತ್ತಲೇ, “ಸಾನಿಕಾ ಮಲಗ್ಯಾಳ” ಎಂದರು. ಒಳಗೆ ಯಾರೋ ಓಡಾಡುವ ಸದ್ದಿತ್ತು. ಆಮ್ರಪಾಲಿ ಕ್ಯಾಸೆಟ್ಟು ಚಾಚಿದಳು. ಅವರು ಕೈ ಚಾಚಲಿಲ್ಲ. “ಇರಲಿ ಬಾಳಾ, ನೀನ ಇಟ್ಕೊ. ಅದನ್ನ ಮತ್ತ ಒಳಗ ಯಾಕ ತರೋದು” ಎಂದು ಒಳಹೋಗಿ, ಕಾಗದದಲ್ಲಿ ಕಟ್ಟಿದ ಶಂಕರಪಾಳಿ ತಂದು, ಮೇಲಿನಿಂದ ಅವಳ ಅಂಗೈಗೆ ಹಾಕಿದರು. ತಿರುಗಿ ಬರುವ ಬಸ್ಸಿನಲ್ಲಿ ಅವಳಿಗೆ ಸಂತೋಷವೋ ಸಂತೋಷ. ತನ್ನದೇ ಆಯಿತು! ಎರಡು ಶಂಕರಪಾಳಿ ತಿಂದಳು. ಸಂತಪುರ ದಾಟಿದ ಮೇಲೆ ಮೂರನೆಯದು ಬಾಯಲ್ಲೇ ನಿಂತಿತು. ಮತ್ತ ಒಳಗ ಯಾಕ ತರೋದು. ತನ್ನ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದದ್ದು ಎಂದೇ? ಅಥವಾ ಮಗಳ ಓದು ಕೆಡಿಸುವ ವಸ್ತು ತೊಲಗಲಿ ಎಂದೇ? ಅಥವಾ ಬರೀ ಪ್ರೀತಿಯೇ? ಅಂದಿನಿಂದ ಈ ಮೂರನ್ನೂ ಅವಳು ಮಗುಚಿ ಮಗುಚಿ ನೋಡಿದ್ದಾಳೆ. ಯಾವುದೂ ಪೂರ್ತಿ ಬೇಯಲಿಲ್ಲ. ಅವಮಾನವೇ ಎಂದು ಗಟ್ಟಿಯಾಗಿದ್ದರೆ ಸಿಟ್ಟಾಗಿ ಬಿಡಬಹುದಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು, ಸಂತಪುರದವರೆಗೂ ತಾನು ಅಷ್ಟು ಖುಷಿಯಾಗಿದ್ದೆನಲ್ಲ ಎಂಬುದು. ಹಾಸ್ಟೆಲಿಗೆ ಬಂದ ಸಾನಿಕಾ ಕ್ಯಾಸೆಟ್ಟಿನ ಮಾತೆತ್ತಲಿಲ್ಲ. ಮಾಳಿಗೆಗೂ ಬರಲಿಲ್ಲ. ಅವಳಿಗೆ ಎಲ್ಲ ಗೊತ್ತು, ಅದಕ್ಕೇ ಮುಖ ತಪ್ಪಿಸುತ್ತಾಳೆ ಎಂದುಕೊಂಡು ಇವಳೂ ಕೋಣೆ ಬದಲಿಸಿದಳು.

ಗಾಂಧಿ ಗಂಜಿನಲ್ಲಿ ಲಾರಿಗಳು ಖಾಲಿಯಾಗುವ ಹೊತ್ತು. ಕಾಳಿನ ಧೂಳು ಮೂಗಿಗೇರಿ ಸೀನು ಬಂತು. ಹಮಾಲರ ನಡುವೆ ದಾರಿ ಮಾಡಿಕೊಂಡು ಕಿರಿದಾದ ಮೆಟ್ಟಿಲೇರಿದರೆ, ಮೇಲಿನ ಕೋಣೆಯಲ್ಲಿ ಖಾಲಿ ಚೀಲಗಳನ್ನು ಗೋಡೆಗೆ ಒಟ್ಟಿ, ಜಮಖಾನೆ ಹಾಸಿ, ಆಳೆತ್ತರದ ಎರಡು ಸ್ಪೀಕರು ನಿಲ್ಲಿಸಿ, ಫೈಜಲ ಹೊಸ ಅಂಗಿ ತೊಟ್ಟು ಮದುಮಗನ ಅಪ್ಪನಂತೆ ಓಡಾಡುತ್ತಿದ್ದ. “ಬರ್ರಿ ಮ್ಯಾಡಮ್, ನಡುವ ಕೂಡ್ರಿ, ಎರಡೂ ಕಡಿಂದ ಬರೋಬ್ಬರಿ ಕೇಳ್ತದ” ಎಂದ. ಅವಳು ನಡುವೆ ಕೂತು, ಬಲಗಡೆಯಲ್ಲಿ ಒಬ್ಬರಿಗಾಗುವಷ್ಟು ಜಾಗಕ್ಕೆ ಪರ್ಸು ಇಟ್ಟಳು. ಇಟ್ಟದ್ದನ್ನು ಯಾರಾದರೂ ನೋಡಿದರೇನೋ ಎಂದು ತೆಗೆದಳು, ಮತ್ತೆ ಇಟ್ಟಳು. ಬಾಗಿಲ ಕಡೆ ನೋಡಬಾರದೆಂದುಕೊಂಡು ಬಾಗಿಲನ್ನೇ ನೋಡಿದಳು. ಸಾನಿಕಾ ಬರಲಿಲ್ಲ. ಫೈಜಲ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದ.

ಮೊದಲ ಹಾಡಿನಲ್ಲಿ ಡ್ರಮ್ಮು ಯಂತ್ರದ್ದು. ಗಿರಣಿ ಹಾಕಿದ ಹಾಗೆ ಒಂದೇ ಸಮ. ನಿತಿನ ‘ಹೇಳಿರಲಿಲ್ಲೇನು’ ಎನ್ನುವಂತೆ ಗಡ್ಡ ಸವರಿದ. ಎರಡನೆಯದರಲ್ಲಿ ದಾದಾ ಹಳೆಯ ಹಾಗೆ ಚೀರಲು ಹೋಗಿ ದನಿ ಒಡೆಯಿತು. ಸಲಾವೋದ್ದೀನ ತಲೆ ತಗ್ಗಿಸಿದ. ಯಾರೂ ಯಾರನ್ನೂ ನೋಡಲಿಲ್ಲ. ಮನೆಯ ಹಿರಿಯನೊಬ್ಬ ಮಂದಿಯೆದುರು ಜಾರಿ ಬಿದ್ದಾಗ ಮಾಡುವ ಹಾಗೆ. ಆಮ್ರಪಾಲಿಗೆ ಬೇಕಾದದ್ದೇ ಆಗಿತ್ತು, ಆದರೆ ಒಳಗೆ ಅಳು ಬರುವ ಹಾಗಿತ್ತು. ಹಾಗಲ್ಲ, ಹಾಗಲ್ಲ, ಏಳು, ಎದ್ದು ನಿಲ್ಲು ಎಂದು ಅವನಿಗೋ ತನಗೋ ಹೇಳಿಕೊಂಡಳು. ನಾಲ್ಕನೆಯ ಹಾಡಿನಲ್ಲಿ ಯಂತ್ರ ನಿಂತಿತು. ಗಿಟಾರೊಂದೇ. ದಾದಾ ಏರಬೇಕಾದಲ್ಲಿ ಏರಲಿಲ್ಲ. ಆ ಎತ್ತರವನ್ನು ಗಿಟಾರಿಗೆ ಬಿಟ್ಟು, ತಾನು ಕೆಳಗೇ ನಿಂತು, ಮಾತಾಡುವ ದನಿಯಲ್ಲಿ ಹಾಡಿದ. ಕೈಲಾಗದ್ದನ್ನು ಮುಚ್ಚಿಡದ ಆ ದನಿ ನೆಟ್ಟಗೆ ಬಂದು ಅವಳ ಪಕ್ಕೆಲುಬಿನ ಕೆಳಗೆ ಕೂತಿತು. ಮಹಾಮಾಯಾ ಕಣ್ಣೊರೆಸಿಕೊಂಡಳು. ಬಲಕ್ಕೆ ಹೊರಳಿ ಏನೋ ಹೇಳಹೋದ ಆಮ್ರಪಾಲಿಗೆ ಪರ್ಸು ಕಂಡಿತು. ಆಗಲೇ ಅದರೊಳಗೆ ಫೋನು ನಡುಗಿತು.

“ಆಮ್ರಪಾಲಿ? ನಾ ಕೆಳಗಿದ್ದೀನಿ. ಮ್ಯಾಲ ಬರಲಿಕ್ಕ ಆಗಂಗಿಲ್ಲ, ಆಯಿ ಗಾಡ್ಯಾಗ ಕುಂತಾಳ. ಜರಾ ಇಳದು ಬರ್ತೀಯೇನು?”

ಆಮ್ರಪಾಲಿ ಎದ್ದು ಮೆಟ್ಟಿಲಿಳಿದಳು. ಕೈಗಾಡಿಗೂ ಲಾರಿಗೂ ನಡುವೆ ಸಿಕ್ಕಿಕೊಂಡಂತೆ ನಿಂತ ಕಾರಿನ ಬಳಿ ಸಾನಿಕಾ ನಿಂತಿದ್ದಳು. ಕೂದಲಿಗೆ ಬಣ್ಣ ಹಚ್ಚಿರಲಿಲ್ಲ, ಅರ್ಧಕ್ಕರ್ಧ ಬಿಳಿ. ಮುಂದಿನ ಎರಡು ಹಲ್ಲಿನ ನಡುವಿನ ಸಂದಿ ಹಾಗೇ ಇತ್ತು.

“ದಪ್ಪ ಆಗೀದಿ” ಎಂದಳು ಸಾನಿಕಾ.

“ನೀನೂ.”

ಇಬ್ಬರೂ ನಕ್ಕು, ನಕ್ಕದ್ದು ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮೇಲಿನ ಕಿಟಕಿ ನೋಡಿದರು. ಅಲ್ಲಿಂದ ಹಾಡಿನ ಪದ ಬರುತ್ತಿರಲಿಲ್ಲ, ಗೋಡೆಯಲ್ಲಿ ಗುದ್ದು ಮಾತ್ರ. ಕಾರಿನೊಳಗೆ ಅನಸೂಯಾಬಾಯಿ ಕಪ್ಪು ಕನ್ನಡಕ ಹಾಕಿ, ಕಣ್ಣಿಗೆ ಹಾಕಿದ ಔಷಧದ ಮಂಜಿನಲ್ಲಿ ಮುಖವೆತ್ತಿ ಕೂತಿದ್ದರು. ಎಷ್ಟು ಸಣ್ಣಗಾಗಿದ್ದರು!

“ಯಾರ ಜೋಡಿ ಮಾತಾಡ್ತೀ?”

“ಆಮ್ರಪಾಲಿ, ಆಯಿ. ಹಾಸ್ಟೆಲಿನ್ಯಾಗ ನನ್ನ ಜೋಡಿ ಇದ್ದಳಲ್ಲ.”

“ಯಾ ಊರವರು?”

“ಮೆಹಕರದ್ರಿ ಕಾಕು. ಏಕನಾಥರ ಮಗಳು” ಎಂದಳು ಆಮ್ರಪಾಲಿ. ಅಡ್ಡಹೆಸರನ್ನೂ ಹೇಳಿಬಿಟ್ಟಳು, ಕೇಳುವ ಮೊದಲೇ. ಮುದುಕಿ “ಹಾಂ” ಎಂದರು, ಅಷ್ಟೆ. ಸಾನಿಕಾ ಕಾರಿಗೆ ಒರಗಿ, ಹಳೆಯ ಸಲಿಗೆ ಒಮ್ಮೆಲೇ ಸಿಕ್ಕವಳಂತೆ, “ಇಕಿ ನನ್ನ ಕ್ಯಾಸೆಟ್ ನುಂಗಿದಾಕಿ ನೋಡು ಆಯಿ!” ಎಂದು ನಕ್ಕು, ಇವಳ ಕಡೆ ಹೊರಳಿದಳು. “ಇವತ್ತಿಗೂ ವಾಪಸ್ ಕೊಟ್ಟಿಲ್ಲ. ಆವಾಗ ಎಷ್ಟು ಸಿಟ್ಟಿತ್ತು ಗೊತ್ತದೇನು ನಿನಗ? ಒಂದು ಕ್ಯಾಸೆಟ್ಟಿಗಿ ಹ್ಯಾಂಗ ಕೇಳೋದು, ಕೇಳಿದ್ರ ಸಣ್ಣಾಕಿ ಆಗ್ತೇನಿ ಅಂತ ಬಾಯಿ ಮುಚ್ಚಿದೆ. ನೀನ ಕೊಡಲಿ ಅಂತ ಕಾದೆ, ಕಾದೆ. ನೀ ಕೋಣಿನೇ ಬಿಟ್ಟು ಹ್ವಾದಿ.”

ಆಮ್ರಪಾಲಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಂದೊಂದಾಗಿ ಅರ್ಥವಾಯಿತು: ಅಂದು ಸಾನಿಕಾ ಮಲಗಿರಲಿಲ್ಲ, ತಾನು ಬಂದದ್ದನ್ನು ತಾಯಿ ಹೇಳಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಮಾಳಿಗೆಗೆ ಬಾರದಿದ್ದವಳು ನಾಚಿಕೆಯಿಂದಲ್ಲ, ಸಿಟ್ಟಿನಿಂದ. ಇಷ್ಟು ವರ್ಷ ಅವಳ ಲೆಕ್ಕದಲ್ಲಿ ತಾನು ಕಳ್ಳಿ. ನಕ್ಕು ಸುಮ್ಮನಾಗಬಹುದಿತ್ತು. ಕಣ್ಣು ಕಾಣದ ಮುದುಕಿಯ ಮುಂದೆ, ಈ ವಯಸ್ಸಿನಲ್ಲಿ, ಬೀದಿಯಲ್ಲಿ ನಿಂತು ಯಾಕೆ? ಹಾಗೆ ಸುಮ್ಮನಾಗಿಯೇ ಅಲ್ಲವೆ ಸಂಗತಿ ಇಲ್ಲಿಗೆ ಬಂದದ್ದು.

“ನಾ ತಂದಿದ್ದೆ, ಸಾನಿಕಾ. ರಜಾ ಮುಗಿಯೋಕಿಂತ ಮೊದಲ. ಔರಾದಿಗಿ ನಿಮ್ಮನಿಗಿ ಬಂದಿದ್ದೆ. ಕಾಕು ಬಾಗಿಲಾಗಿದ್ರು. ನೀ ಮಲಗೀದಿ ಅಂದ್ರು, ಕ್ಯಾಸೆಟ್ ತಗೊಳ್ಳಲಿಲ್ಲ.”

ಹಮಾಲನೊಬ್ಬ “ಬಾಜೂ, ಬಾಜೂ” ಎನ್ನುತ್ತ ಚೀಲ ಹೊತ್ತು ಅವರ ನಡುವೆಯೇ ದಾಟಿದ. ಸಾನಿಕಾಳ ನಗು ಮುಖದ ಮೇಲೆ ಉಳಿದಿತ್ತು, ಅದರ ಕೆಳಗಿನದೆಲ್ಲ ಹೋಗಿತ್ತು. ಬಗ್ಗಿ ಕಾರಿನೊಳಗೆ ನೋಡಿದಳು. “ಆಯಿ?”

“ನನಗ ನೆನಪಿಲ್ಲವ್ವಾ” ಎಂದರು ಅನಸೂಯಾಬಾಯಿ. “ಎಷ್ಟು ಮಂದಿ ಬರ್ತಿದ್ರು, ಹೋಗ್ತಿದ್ರು.” ಸೆರಗಿನ ತುದಿಯನ್ನು ಮಡಿಚಿದರು, ಬಿಚ್ಚಿದರು. ಆಮೇಲೆ, ಯಾರೂ ಕೇಳದಿದ್ದರೂ, “ಶಂಕರಪಾಳಿ ಕೊಟ್ಟಿದ್ದೆನಲ್ಲ” ಎಂದರು.

“ಕೊಟ್ಟಿದ್ರಿ” ಎಂದಳು ಆಮ್ರಪಾಲಿ.

ಸಾನಿಕಾ ನೆಟ್ಟಗೆ ನಿಂತಳು. ತಾಯಿಯ ಪರವಾಗಿ ಕ್ಷಮೆ ಕೇಳುತ್ತಾಳೋ ಎಂದು ಆಮ್ರಪಾಲಿಗೆ ದಿಗಿಲಾಯಿತು, ಕೇಳಿದರೆ ತಾನು ‘ಹೋಗಲಿ ಬಿಡು’ ಅನ್ನಬೇಕಾಗುತ್ತದೆ, ಅದು ಅವಳಿಗೆ ಬೇಡವಾಗಿತ್ತು. ಸಾನಿಕಾ ಕೇಳಲಿಲ್ಲ. ಕಾರಿನ ಮೇಲಿನ ಧೂಳಿನಲ್ಲಿ ಬೆರಳಾಡಿಸುತ್ತ, ಬಹಳ ಸಣ್ಣ ದನಿಯಲ್ಲಿ, “ಮಾಳಿಗಿ ಮ್ಯಾಲ ದಿನಾ ನೋಡ್ತಿದ್ದೆ ನಾ, ಖಿಡಕ್ಯಾಗಿಂದ. ನೀ ಬಂದೀದೇನು ಅಂತ” ಎಂದಳು. ಆಮ್ರಪಾಲಿ ಬೇರೆ ಕಡೆ ನೋಡಿದಳು. ನೋಡದಿದ್ದರೆ ಗಂಜಿನ ನಡುವೆ ಅಳಬೇಕಾಗುತ್ತಿತ್ತು.

ಮೇಲೆ ಹಾಡು ನಿಂತಿತು. ಚಪ್ಪಾಳೆಯೂ ಬಂತು, ಜಗಳವೂ ಬಂತು. ನಿತಿನ ಮೊದಲು ಇಳಿದ, ಅವನ ಹಿಂದೆ ಫೈಜಲ, ಮಹಾಮಾಯಾ.

“ಎರಡು ಹಾಡು ಬಿಟ್ರ ಉಳಿದದ್ದೆಲ್ಲಾ ದಂಡ” ಎನ್ನುತ್ತಿದ್ದ ನಿತಿನ.

“ಎರಡು ಛಲೋ ಇದ್ರ ಸಾಕಿಲ್ಲೇನೋ ಜಾಲಿಮಾ? ನಿನ್ನ ಜಲಮದಾಗ ಎಷ್ಟು ಛಲೋ ಕೆಲಸ ಮಾಡೀದಿ?” ಫೈಜಲನ ಕಣ್ಣು ಕೆಂಪಾಗಿತ್ತು. ಆಮ್ರಪಾಲಿಯನ್ನು ಕಂಡು, “ಮ್ಯಾಡಮ್, ನೀವ ಹೇಳ್ರಿ. ಹ್ಯಾಂಗದ?” ಎಂದ.

“ನಾ ಪೂರಾ ಕೇಳಿಲ್ಲ” ಎಂದಳು ಆಮ್ರಪಾಲಿ.

“ನಾನಂತೂ ಸುರುವನೇ ಮಾಡಿಲ್ಲ” ಎಂದಳು ಸಾನಿಕಾ.

ಫೈಜಲ ಇಬ್ಬರನ್ನೂ ನೋಡಿದ. ಏನು ಕಂಡಿತೋ, ಹೊರಳಿ, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದ. ಸಾನಿಕಾ ಕಾರಿನ ಬಾಗಿಲು ತೆಗೆದಳು. “ಇಳಿ ಆಯಿ. ಇನ್ನಾ ಒಂದು ತಾಸು ಆಗ್ತದ. ಮ್ಯಾಲ ಫ್ಯಾನ್ ಇರ್ತದ” ಎಂದಳು. ಕೇಳುವ ದನಿಯಾಗಿರಲಿಲ್ಲ ಅದು.

ಮೆಟ್ಟಿಲು ಕಿರಿದು, ಕಡಿದು, ಬೆಳಕಿಲ್ಲ. ಅನಸೂಯಾಬಾಯಿ ಒಂದು ಕೈಯಿಂದ ಗೋಡೆ ಹಿಡಿದರು, ಇನ್ನೊಂದನ್ನು ಗಾಳಿಯಲ್ಲಿ ಚಾಚಿದರು. ಸಾನಿಕಾ ಮುಂದೆ ಹೋಗಿದ್ದಳು. ಹುಡುಕುವ ಆ ಕೈಯನ್ನು ಆಮ್ರಪಾಲಿ ಒಂದು ಗಳಿಗೆ ಹಾಗೇ ನೋಡಿದಳು, ಹುಡುಕಲಿ ಎಂದು. ಆಮೇಲೆ ತನ್ನ ಕೈ ಕೊಟ್ಟಳು. ಮುದುಕಿಯ ಬೆರಳುಗಳು ಬಂದು ಅವಳ ಮಣಿಕಟ್ಟನ್ನು ಬಿಗಿಯಾಗಿ ಸುತ್ತಿದವು. “ಯಾರ ಕೈ ಇದು?”

“ನಂದ್ರಿ.”

ಬಿಡಲಿಲ್ಲ. ಆ ಹಿಡಿತದಲ್ಲಿ ಗುರುತು ಇತ್ತೋ, ಬರೀ ಬೀಳುವ ಹೆದರಿಕೆ ಇತ್ತೋ, ತಿಳಿಯುವ ಬಗೆಯಿರಲಿಲ್ಲ. ಒಂದು ಮೆಟ್ಟಿಲು ಏರಿದರು, ಇನ್ನೊಂದು. ಮೇಲೆ ಯಂತ್ರದ ಆ ಡ್ರಮ್ಮು ಒಂದೇ ಸಮ ಬಡಿಯಲು ಹಿಡಿಯಿತು. ಮೊದಲ ಸಲ ಕಿವಿಗೆ ಹಿಡಿಸದಿದ್ದ ಅದೇ ಹಾಡು. ಈಗ ಅದು ಮುಗಿದು ಹೋದೀತು ಎಂದು ಆಮ್ರಪಾಲಿಗೆ ಅವಸರವಾಯಿತು, ಆದರೆ ಮುದುಕಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು, ಅವಳೂ ನಿಂತಳು. ತಿರುವಿನಲ್ಲಿ ಸಾನಿಕಾ ಹೊರಳಿ, ಬೆಳಕಿಗೆ ಬೆನ್ನು ಮಾಡಿ, ಕೆಳಗೆ ಬಗ್ಗಿ ಕೂಗಿದಳು.

“ಬರ್ರೆ ಲಗೂ, ಸುರು ಆಯ್ತು.”